ವಾಲಿದತ್ತ ತಿರುಗುವ ಹಲಗೆ

ಲಾಂಗ್‌ಬೋರ್ಡ್‌ಗೆ ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ, ಹಿಡಿದುಕೊಳ್ಳಲು ಏನೂ ಇಲ್ಲ. ಒಂದು ಮೀಟರಿನಷ್ಟು ಉದ್ದದ ಹಲಗೆ, ಅದರಡಿ ನಾಲ್ಕು ಚಕ್ರ, ಮೇಲೊಬ್ಬ ಮನುಷ್ಯ, ಅಷ್ಟೇ. ಹೊಸಬರು ಮೊದಲ ಸಲ ಅದರ ಮೇಲೆ ನಿಂತಾಗ ಹಲಗೆ ಒಮ್ಮೆ ಕಾಲ್ಬೆರಳಿನ ಕಡೆಗೆ, ಮತ್ತೊಮ್ಮೆ ಹಿಮ್ಮಡಿಯ ಕಡೆಗೆ ವಾಲುತ್ತದೆ. ಮೊಣಕಾಲು ನಡುಗುತ್ತವೆ, ಕೈಗಳು ಗಾಳಿಯಲ್ಲಿ ಆಸರೆ ಹುಡುಕುತ್ತವೆ. ಅವರೇ ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ ಸಾಗತೊಡಗಿದರೆ ನಡುಕ ತಾನಾಗಿ ತಗ್ಗುತ್ತದೆ. ಇಳಿಜಾರಿನಲ್ಲಿ ವೇಗ ಮಿತಿಮೀರಿದರೆ ಹಲಗೆ ಮತ್ತೆ ಅದುರಲು ಶುರುಮಾಡುತ್ತದೆ. ಈ ಸಲ ಸವಾರರನ್ನು ಎತ್ತಿ ಒಗೆಯುವಷ್ಟು ಜೋರಾಗಿ.

ನಿಂತಾಗ ಕಷ್ಟ, ಸಾಗಿದಾಗ ಸಲೀಸು, ಓಡಿದಾಗ ಮತ್ತೆ ಕಷ್ಟ. ಈ ಮೂರಕ್ಕೂ ಕಾರಣ ಹಲಗೆಯ ಅಡಿಯಲ್ಲಿರುವ ಒಂದು ಸರಳ ಯಂತ್ರ ಮತ್ತು ನಮ್ಮ ನರವ್ಯೂಹದ ಒಂದು ಮಿತಿ. ಇವೆರಡನ್ನೂ ಅರ್ಥಮಾಡಿಕೊಂಡು ಹಲಗೆ ಹತ್ತಿದವರು ಬೇಗ ಕಲಿಯುತ್ತಾರೆ, ಕಡಿಮೆ ಬೀಳುತ್ತಾರೆ. ಎಷ್ಟು ಉದ್ದದ ಹಲಗೆ, ಯಾವ ಚಕ್ರ, ಎಂಥ ರಸ್ತೆ, ಯಾವ ಕಾಲಿನ ಮೇಲೆ ಭಾರ ಎಂದು ಹೊಸಬರು ಕೇಳುವ ಎಲ್ಲ ಪ್ರಶ್ನೆಗಳಿಗೂ ಉತ್ತರ ಅಲ್ಲಿಂದಲೇ ಹೊರಡುತ್ತದೆ.

ಅಲೆಯಿಲ್ಲದ ದಿನದ ಆಟ

ಈ ಹಲಗೆಯ ತವರು 1950ರ ದಶಕದ ಕ್ಯಾಲಿಫೋರ್ನಿಯಾ. ಕಡಲಿನಲ್ಲಿ ಒಳ್ಳೆಯ ಅಲೆ ಏಳದ ದಿನಗಳಲ್ಲಿ ಅಲ್ಲಿನ ಸರ್ಫಿಂಗ್ ಹುಡುಗರು ರೋಲರ್ ಸ್ಕೇಟಿನ ಲೋಹದ ಚಕ್ರಗಳನ್ನು ಬಿಚ್ಚಿ ಹಲಗೆಗೆ ಹೊಡೆದು ಬೀದಿಗೆ ಇಳಿದರು. ಮಂಗಳೂರಿನ ಬಳಿಯ ಮುಲ್ಕಿ, ಸಸಿಹಿತ್ಲುಗಳಲ್ಲಿ ಸರ್ಫಿಂಗ್ ಕಲಿತವರು ಲಾಂಗ್‌ಬೋರ್ಡ್ ಹತ್ತಿದರೆ ನಿಲ್ಲುವ ಭಂಗಿ ಪರಿಚಿತ ಅನ್ನಿಸುವುದು ಇದೇ ಕಾರಣಕ್ಕೆ. ಅಡ್ಡಡ್ಡ ನಿಲ್ಲುವುದು, ಮೊಣಕಾಲು ಬಗ್ಗಿಸುವುದು, ದೇಹ ವಾಲಿಸಿ ತಿರುಗುವುದು ಎಲ್ಲವೂ ಕಡಲಿನಿಂದ ಬಂದ ಬಳುವಳಿ.

ಆದರೆ ಲೋಹದ ಚಕ್ರ ಡಾಂಬರಿನ ಮೇಲೆ ಜಾರುತ್ತಿತ್ತು. ಆಮೇಲೆ ಬಂದ ಜೇಡಿಮಣ್ಣಿನ ಸಂಯುಕ್ತದ ಚಕ್ರ ಬೇಗ ಸವೆಯುತ್ತಿತ್ತು, ಚೂರು ಏಳುತ್ತಿತ್ತು, ಸಣ್ಣದೊಂದು ಹರಳು ಸಿಕ್ಕರೂ ಗಕ್ಕನೆ ನಿಲ್ಲುತ್ತಿತ್ತು. 1960ರ ದಶಕದ ನಡುವಿನ ಹೊತ್ತಿಗೆ ಗಾಯಾಳುಗಳ ಸಂಖ್ಯೆ ಏರಿ, ಅಮೆರಿಕದ ಹಲವು ನಗರಗಳು ಬೀದಿಯಲ್ಲಿ ಈ ಆಟವನ್ನೇ ನಿಷೇಧಿಸಿದವು.

ಆಟಕ್ಕೆ ಮರುಜೀವ ಕೊಟ್ಟಿದ್ದು ಒಂದು ಪ್ಲಾಸ್ಟಿಕ್. ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ರೂಪಿಸಿದ ಪಾಲಿಯುರೆಥೇನ್ ಆಮೇಲೆ ಹಾಸಿಗೆಯ ಫೋಮ್ ಆಯಿತು, ಶೂವಿನ ಅಟ್ಟೆಯಾಯಿತು, ಬಣ್ಣವಾಯಿತು, ಅಂಟಾಯಿತು. ವರ್ಜೀನಿಯಾದ ಪರ್ಸೆಲ್‌ವಿಲ್ ಎಂಬ ಊರಿನ ಸಣ್ಣ ಕಾರ್ಖಾನೆಯೊಂದು ಅದರಿಂದ ರೋಲರ್ ಸ್ಕೇಟಿನ ಚಕ್ರ ಎರಕ ಹೊಯ್ಯುತ್ತಿತ್ತು. ಸ್ಕೇಟಿಂಗ್ ಅಂಗಣಕ್ಕೆ ಬಂದು ಬಾಡಿಗೆ ಸ್ಕೇಟ್ ಕಟ್ಟಿಕೊಳ್ಳುವ ಹೊಸಬರ ಕಾಲು ಜಾರದಿರಲಿ ಎಂಬುದು ಆ ಚಕ್ರಗಳ ಉದ್ದೇಶ. 1970ರ ಸುಮಾರಿಗೆ ಫ್ರಾಂಕ್ ನಾಸ್‌ವರ್ದಿ ಎಂಬ ಯುವಕ ಅವುಗಳನ್ನು ಅಲ್ಲಿ ಕಂಡು ತನ್ನ ಹಲಗೆಗೆ ಹಾಕಿ ನೋಡಿದ. ಹಲಗೆ ರಸ್ತೆಯನ್ನು ಕಚ್ಚಿಕೊಂಡು, ಸದ್ದಿಲ್ಲದೆ ಸಾಗಿತು. ಕ್ಯಾಲಿಫೋರ್ನಿಯಾಕ್ಕೆ ಹೋದ ಆತ ಕ್ಯಾಡಿಲ್ಯಾಕ್ ವೀಲ್ಸ್ ಎಂಬ ಹೆಸರಿನಲ್ಲಿ ಅವನ್ನು ಮಾರತೊಡಗಿದ. ಮುಂದಿನ ಕೆಲವೇ ವರ್ಷಗಳಲ್ಲಿ ಹಳೆಯ ಬಿಡಿಗುಂಡುಗಳ ಜಾಗಕ್ಕೆ ಮುಚ್ಚಿದ ಬೇರಿಂಗ್‌ಗಳೂ ಬಂದವು. ಇವತ್ತಿನ ಲಾಂಗ್‌ಬೋರ್ಡ್ ನಿಂತಿರುವುದು ಈ ಎರಡು ಬದಲಾವಣೆಗಳ ಮೇಲೆ. ಹೊಸಬರಿಗೆಂದು ಹುಟ್ಟಿದ ವಸ್ತು ಇಡೀ ಆಟವನ್ನು ಉಳಿಸಿತು ಎಂಬುದನ್ನು ಇಂದು ಹಲಗೆ ಹತ್ತುವ ಪ್ರತಿಯೊಬ್ಬ ಹೊಸಬರೂ ತಿಳಿದಿರಬೇಕು.

ಹರಳು ದಾಟುವ ಲೆಕ್ಕ

ಬೀದಿಯಲ್ಲಿ ನೆಗೆದು ಕಸರತ್ತು ಮಾಡುವ ಗಿಡ್ಡ ಸ್ಕೇಟ್‌ಬೋರ್ಡಿನ ಚಕ್ರ ಸಾಮಾನ್ಯವಾಗಿ 50ರಿಂದ 54 ಮಿಲಿಮೀಟರ್ ವ್ಯಾಸದ್ದು, ಗಟ್ಟಿ. ಲಾಂಗ್‌ಬೋರ್ಡಿನ ಚಕ್ರ 65ರಿಂದ 75 ಮಿಲಿಮೀಟರ್, ಮೃದು. ಈ ವ್ಯತ್ಯಾಸ ನೋಡಲು ಚಿಕ್ಕದು. ರಸ್ತೆಗಿಳಿದ ಮೇಲೆ ಅದು ಬಹಳ ದೊಡ್ಡದಾಗುತ್ತದೆ.

ದಾರಿಯಲ್ಲಿ 5 ಮಿಲಿಮೀಟರ್ ಎತ್ತರದ ಜಲ್ಲಿ ಹರಳೊಂದು ಇದೆ ಅಂದುಕೊಳ್ಳಿ. ಚಕ್ರ ಅದನ್ನು ಹತ್ತಿ ದಾಟಬೇಕಾದರೆ ಹಿಂದಿನಿಂದ ಒಂದಿಷ್ಟು ಬಲ ಬೇಕು. ಚಕ್ರ ಪೂರ್ತಿ ಗಟ್ಟಿ ಎಂದು ಭಾವಿಸಿ ಲೆಕ್ಕ ಹಾಕಿದರೆ, 52 ಮಿಲಿಮೀಟರ್ ಚಕ್ರಕ್ಕೆ ಅದರ ಮೇಲಿನ ಭಾರದ ಶೇಕಡ 73ರಷ್ಟು ಬಲ ಬೇಕಾಗುತ್ತದೆ. 70 ಮಿಲಿಮೀಟರ್ ಚಕ್ರಕ್ಕೆ ಶೇಕಡ 60 ಸಾಕು. ಹರಳು 10 ಮಿಲಿಮೀಟರ್ ಆದರೆ ಚಿಕ್ಕ ಚಕ್ರಕ್ಕೆ ಭಾರಕ್ಕಿಂತಲೂ ಹೆಚ್ಚು ಬಲ, ಶೇಕಡ 128, ಬೇಕು. ದೊಡ್ಡದಕ್ಕೆ ಶೇಕಡ 98. ಚಿಕ್ಕ ಚಕ್ರ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಹಲಗೆ ನಿಂತರೂ ಮೇಲಿದ್ದವರ ದೇಹ ನಿಲ್ಲುವುದಿಲ್ಲ. ಜಡತ್ವ ಅದನ್ನು ಮುಂದಕ್ಕೆ ಒಯ್ಯುತ್ತದೆ.

ಮೃದುತನ ಇದಕ್ಕೆ ಇನ್ನಷ್ಟು ನೆರವು ಕೊಡುತ್ತದೆ. ಚಕ್ರದ ಗಡಸುತನವನ್ನು ಶೋರ್ ಎ ಎಂಬ ಮಾನದಲ್ಲಿ ಅಳೆಯುತ್ತಾರೆ. ಬೀದಿ ಸ್ಕೇಟ್‌ಬೋರ್ಡಿನ ಚಕ್ರ 99ಎ ಆಸುಪಾಸು, ಲಾಂಗ್‌ಬೋರ್ಡಿನದು 75ಎ ಯಿಂದ 85ಎ. 78ಎ ಚಕ್ರವನ್ನು ಉಗುರಿನಿಂದ ಒತ್ತಿದರೆ ಕೊಂಚ ತಗ್ಗು ಬೀಳುತ್ತದೆ, ಉಗುರು ತೆಗೆದೊಡನೆ ಮೊದಲಿನಂತಾಗುತ್ತದೆ. ರಸ್ತೆಯ ಹರಳು ಒತ್ತಿದಾಗಲೂ ಆಗುವುದು ಇದೇ. ಚಕ್ರ ಹರಳಿನ ಸುತ್ತ ತಗ್ಗಿ, ಅದನ್ನು ಒಂದಿಷ್ಟು ತನ್ನೊಳಗೆ ತೆಗೆದುಕೊಂಡು ಮುಂದೆ ಸಾಗುತ್ತದೆ. ಜಲ್ಲಿ ಮೇಲೆದ್ದ ನಮ್ಮ ಡಾಂಬರು ರಸ್ತೆಗಳಲ್ಲಿ ಕಲಿಯುವವರು 70 ಮಿಲಿಮೀಟರಿಗೆ ಕಡಿಮೆಯಿಲ್ಲದ, 78ಎ ಆಸುಪಾಸಿನ ಚಕ್ರ ಕೊಳ್ಳುವುದು ಒಳ್ಳೆಯದು ಎನ್ನಲು ಇಷ್ಟು ಲೆಕ್ಕ ಸಾಕು.

ಬೇರಿಂಗ್ ವಿಷಯದಲ್ಲಿ ಹೊಸಬರು ಹಣ ಸುರಿಯಬೇಕಿಲ್ಲ. ಎಲ್ಲ ಹಲಗೆಗಳಲ್ಲೂ ಇರುವುದು 608 ಎಂಬ ಒಂದೇ ಅಳತೆಯ ಬೇರಿಂಗ್: ಒಳವ್ಯಾಸ 8, ಹೊರವ್ಯಾಸ 22, ಅಗಲ 7 ಮಿಲಿಮೀಟರ್. ಅದರ ಮೇಲೆ ಎಬಿಇಸಿ 5, 7, 9 ಎಂದು ನಮೂದಿಸುವ ಸಂಖ್ಯೆ ಯಂತ್ರೋದ್ಯಮಕ್ಕಾಗಿ ಗೊತ್ತುಮಾಡಿದ ಅಳತೆಯ ನಿಖರತೆ. ಹಲಗೆಯ ವೇಗಕ್ಕೂ ಅದಕ್ಕೂ ನೇರ ನಂಟಿಲ್ಲ. 70 ಮಿಲಿಮೀಟರ್ ಚಕ್ರ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 2,300 ಸುತ್ತು ಹಾಕುತ್ತದೆ. ಸಾಧಾರಣ 608 ಬೇರಿಂಗ್ ಇದರ ಹತ್ತು ಪಟ್ಟು ಸುತ್ತುಗಳನ್ನೂ ತಾಳಬಲ್ಲದು. ಅದಕ್ಕೆ ನಿಜವಾದ ಶತ್ರುಗಳು ನೀರು ಮತ್ತು ದೂಳು. ಮಳೆಯಲ್ಲಿ ಓಡಿಸದೆ, ಆಗಾಗ ಒರೆಸಿ ಎರಡು ಹನಿ ಎಣ್ಣೆ ಬಿಟ್ಟರೆ ಅದು ಬಹುಕಾಲ ಬಾಳುತ್ತದೆ.

ಟ್ರಕ್ ಎಂಬ ಪುಟ್ಟ ಯಂತ್ರ

ಹಲಗೆಯನ್ನು ಮಗುಚಿ ಹಾಕಿದರೆ ಮುಂದೊಂದು, ಹಿಂದೊಂದು ಲೋಹದ ಜೋಡಣೆ ಕಾಣುತ್ತದೆ. ಇವೇ ಟ್ರಕ್‌ಗಳು. ಸ್ಪ್ಯಾನರ್ ಹಿಡಿದು ಒಂದನ್ನು ಬಿಚ್ಚಿ ನೋಡುವುದು ಹೊಸಬರಿಗೆ ಒಳ್ಳೆಯ ಪಾಠ. ಹಲಗೆಗೆ ಬೋಲ್ಟ್ ಹಾಕಿ ಕೂರಿಸಿದ ಅಡಿಪಟ್ಟಿ ಒಂದು. ಎರಡು ಚಕ್ರಗಳ ಅಚ್ಚನ್ನು ಹೊತ್ತ ಹ್ಯಾಂಗರ್ ಇನ್ನೊಂದು. ಇವೆರಡನ್ನೂ ಪೋಣಿಸುವ ದಪ್ಪ ಬೋಲ್ಟ್ ಕಿಂಗ್‌ಪಿನ್. ಕಿಂಗ್‌ಪಿನ್ನಿಗೆ ತೊಡಿಸಿದ ಎರಡು ಪಾಲಿಯುರೆಥೇನ್ ಬುಶ್‌ಗಳು ಹ್ಯಾಂಗರಿನ ಎರಡೂ ಕಡೆ ಒತ್ತಿ ಕೂತಿರುತ್ತವೆ. ಹ್ಯಾಂಗರಿನ ಮೂತಿ ಅಡಿಪಟ್ಟಿಯ ಕುಳಿಯೊಂದರಲ್ಲಿ ಕೂತಿರುತ್ತದೆ.

ಇಡೀ ರಹಸ್ಯ ಇರುವುದು ಹ್ಯಾಂಗರ್ ತಿರುಗುವ ಅಕ್ಷದಲ್ಲಿ. ಅದು ನೇರವಾಗಿಲ್ಲ, ಓರೆಯಾಗಿದೆ. ಹಲಗೆ ಬಲಕ್ಕೆ ವಾಲಿದಾಗ ಹ್ಯಾಂಗರ್ ವಾಲಲಾರದು, ಯಾಕೆಂದರೆ ಅದರ ಎರಡೂ ಚಕ್ರ ನೆಲಕ್ಕೆ ಕಚ್ಚಿಕೊಂಡಿವೆ. ಅಕ್ಷ ಓರೆಯಾಗಿರುವುದರಿಂದ ಅದು ತಿರುಗಲೇಬೇಕು. ಮುಂದಿನ ಅಚ್ಚು ಬಲಕ್ಕೆ ತಿರುಗುತ್ತದೆ. ಹಿಂದಿನ ಟ್ರಕ್ ಉಲ್ಟಾ ಕೂತಿರುವುದರಿಂದ ಅದರ ಅಚ್ಚು ಎಡಕ್ಕೆ ತಿರುಗುತ್ತದೆ. ಎರಡೂ ಸೇರಿ ಹಲಗೆ ಬಲಕ್ಕೆ ಬಾಗಿದ ವೃತ್ತದಲ್ಲಿ ಸಾಗುತ್ತದೆ. ವಾಲುವಿಕೆಯನ್ನು ತಿರುವಾಗಿ ಮಾರ್ಪಡಿಸುವುದು, ಟ್ರಕ್ಕಿನ ಕೆಲಸ ಇದೊಂದೇ.

ಎಷ್ಟು ವಾಲಿದರೆ ಎಷ್ಟು ತಿರುವು? ಎರಡು ಅಚ್ಚುಗಳ ನಡುವಣ ಅಂತರ 70 ಸೆಂಟಿಮೀಟರ್, ಟ್ರಕ್ಕಿನ ಓರೆ ಅಕ್ಷದ ಕೋನ 45 ಡಿಗ್ರಿ ಇದ್ದು, ಹಲಗೆಯನ್ನು 10 ಡಿಗ್ರಿ ವಾಲಿಸಿದರೆ ಅದು ಸುಮಾರು 2 ಮೀಟರ್ ತ್ರಿಜ್ಯದ ವೃತ್ತ ಹಾಕುತ್ತದೆ. 20 ಡಿಗ್ರಿ ವಾಲಿಸಿದರೆ ತ್ರಿಜ್ಯ ಹೆಚ್ಚುಕಡಿಮೆ 1 ಮೀಟರಿಗೆ ಇಳಿಯುತ್ತದೆ. ಬೀದಿ ಸ್ಕೇಟ್‌ಬೋರ್ಡಿನಲ್ಲಿ ಅಚ್ಚುಗಳ ಅಂತರ 36 ಸೆಂಟಿಮೀಟರಿನ ಆಸುಪಾಸು. ಅಲ್ಲಿ 10 ಡಿಗ್ರಿ ವಾಲಿದರೇ 1 ಮೀಟರ್ ತ್ರಿಜ್ಯದ ಬಿಗಿ ತಿರುವು. ಒಂದೇ ತಪ್ಪು ಹೆಜ್ಜೆಗೆ ಗಿಡ್ಡ ಹಲಗೆ ಕೊಡುವ ಶಿಕ್ಷೆ ಉದ್ದ ಹಲಗೆ ಕೊಡುವುದರ ಎರಡರಷ್ಟು. ಹೊಸಬರಿಗೆ ಉದ್ದ ಹಲಗೆ ಯಾಕೆ ಸುಲಭ ಎಂಬುದಕ್ಕೆ ಉತ್ತರ ಇಷ್ಟೇ.

ಲಾಂಗ್‌ಬೋರ್ಡಿನ ಟ್ರಕ್‌ಗಳು ಹೆಚ್ಚಾಗಿ 50 ಡಿಗ್ರಿಯವು. ಕಡಿದಾದ ಇಳಿಜಾರಿನಲ್ಲಿ ಓಡಿಸುವವರು ಇದಕ್ಕಿಂತ ಕಡಿಮೆ ಕೋನದವನ್ನು ಬಳಸುತ್ತಾರೆ. ಅವಕ್ಕೆ ವಾಲಿದರೂ ತಿರುವು ಕಡಿಮೆ. ಬುಶ್‌ಗಳ ಆಯ್ಕೆ ಮಾತ್ರ ಸವಾರರ ತೂಕಕ್ಕೆ ತಕ್ಕಂತೆ ಇರಬೇಕು. 45 ಕಿಲೋ ತೂಕದ ಹುಡುಗಿಗೆ ಗಟ್ಟಿ ಬುಶ್ ಹಾಕಿಕೊಟ್ಟರೆ ಹಲಗೆ ವಾಲುವುದೇ ಇಲ್ಲ, ಅವಳು ತನಗೆ ಬರುವುದಿಲ್ಲ ಅಂದುಕೊಂಡು ಬಿಟ್ಟುಬಿಡುತ್ತಾಳೆ. ಬದಲಿಸಬೇಕಾದ್ದು ಬುಶ್ ಅನ್ನು. ಬೇರೊಬ್ಬರ ಹಲಗೆಯ ಮೇಲೆ ಕಲಿಯುವವರೆಲ್ಲ ಇದನ್ನು ನೆನಪಿಡಬೇಕು.

ಸಾಗುವುದು ಯಾಕೆ ಸುಲಭ

ಲಾಂಗ್‌ಬೋರ್ಡಿನ ಮೇಲೆ ನಾವು ಅಡ್ಡಡ್ಡ ನಿಲ್ಲುತ್ತೇವೆ. ಹೀಗಾಗಿ ನಮ್ಮ ದೇಹದ ಹಿಂದುಮುಂದಿನ ತೂಗಾಟ ಹಲಗೆಯ ಎಡಬಲದ ವಾಲಾಟವಾಗುತ್ತದೆ. ಈ ಸಂಗತಿಯನ್ನು ಬಿಡಿಸಿ ನೋಡಿದರೆ ಕಲಿಕೆಯ ಅರ್ಧ ಪಾಠ ಸಿಕ್ಕುತ್ತದೆ.

ಬರಿ ನೆಲದ ಮೇಲೆ ನಿಂತಾಗಲೂ ನಮ್ಮ ದೇಹ ಸ್ಥಿರವಾಗಿರುವುದಿಲ್ಲ. ಅದು ಸದಾ ಕೊಂಚ ಮುಂದಕ್ಕೆ, ಕೊಂಚ ಹಿಂದಕ್ಕೆ ತೂಗುತ್ತಿರುತ್ತದೆ. ಮುಂದಕ್ಕೆ ಬೀಳುವ ಸೂಚನೆ ಸಿಕ್ಕೊಡನೆ ಮೀನಖಂಡದ ಸ್ನಾಯು ಬಿಗಿದು ಕಾಲ್ಬೆರಳುಗಳನ್ನು ನೆಲಕ್ಕೆ ಒತ್ತುತ್ತದೆ, ದೇಹ ಹಿಂದಕ್ಕೆ ಬರುತ್ತದೆ. ಮಗು ಎದ್ದು ನಿಂತ ದಿನದಿಂದ ನಾವು ಇದನ್ನು ಮಾಡುತ್ತಾ ಬಂದಿದ್ದೇವೆ. ಈಗ ಇದೇ ಪ್ರತಿಕ್ರಿಯೆಯನ್ನು ಹಲಗೆಯ ಮೇಲೆ ಊಹಿಸಿ. ದೇಹ ಕಾಲ್ಬೆರಳಿನ ಕಡೆಗೆ ಬೀಳತೊಡಗಿತು, ಬೆರಳು ಒತ್ತಿದವು. ಹಲಗೆ ನಿಂತಿದ್ದರೆ ಅದು ಬರೀ ವಾಲುತ್ತದೆ, ಒತ್ತಲು ಆಸರೆಯೇ ಸಿಗುವುದಿಲ್ಲ. ಹಲಗೆ ಸಾಗುತ್ತಿದ್ದರೆ? ವಾಲಿದ ಹಲಗೆ ಅತ್ತಲೇ ತಿರುಗುತ್ತದೆ, ಚಕ್ರಗಳು ಬೀಳುತ್ತಿರುವ ದೇಹದ ಅಡಿಗೇ ಬಂದು ಸೇರುತ್ತವೆ, ದೇಹ ನೆಟ್ಟಗಾಗುತ್ತದೆ. ನಿಮ್ಮ ಹಳೆಯ ಅಭ್ಯಾಸ ಹಲಗೆಯ ಮೇಲೂ ಸರಿಯಾದದ್ದೇ. ಅದಕ್ಕೆ ಬೇಕಾದ್ದು ಒಂದಿಷ್ಟು ವೇಗ.

ಅಮೆರಿಕದ ವಿಜ್ಞಾನಿ ಮಾಂಟ್ ಹಬರ್ಡ್ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸ್ಕೇಟ್‌ಬೋರ್ಡಿನ ಈ ಚಲನೆಯನ್ನು ಸಮೀಕರಣಗಳಲ್ಲಿ ಹಿಡಿದಿಟ್ಟರು. ವಾಲುವಿಕೆಗೂ ತಿರುವಿಗೂ ಇರುವ ನಂಟು, ವೇಗ ಒಂದು ಮಿತಿ ದಾಟಿದ ಮೇಲೆ ಹಲಗೆ ಸ್ಥಿರವಾಗುವ ಬಗೆ ಎರಡೂ ಅದರಲ್ಲಿವೆ. ಆದರೆ ಸಮೀಕರಣದ ಸವಾರ ಬರೀ ಜಡವಸ್ತುವಾದರೆ ಕಥೆ ಅಪೂರ್ಣ. ನಿಜವಾದ ಸವಾರರಿಗೆ ನರವ್ಯೂಹವಿದೆ, ನರವ್ಯೂಹಕ್ಕೆ ಸಮಯ ಬೇಕು. ವಾಲಿದ್ದನ್ನು ಒಳಗಿವಿಯ ಅರ್ಧವೃತ್ತ ನಾಳಗಳು, ಕಣ್ಣು ಮತ್ತು ಕೀಲುಗಳಲ್ಲಿರುವ ಸಂವೇದಕಗಳು ಗುರುತಿಸಿ, ಸುದ್ದಿ ಮಿದುಳಿಗೆ ಮುಟ್ಟಿ, ಆಜ್ಞೆ ಕಾಲಿನ ಸ್ನಾಯುವಿಗೆ ಇಳಿದು, ಸ್ನಾಯು ಬಿಗಿಯುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಕಳೆದಿರುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿನಲ್ಲಿ ಹಲಗೆ ಸಾಗುವುದು 28 ಸೆಂಟಿಮೀಟರ್. 50 ಕಿಲೋಮೀಟರ್ ವೇಗದಲ್ಲಿ ಸುಮಾರು 1.4 ಮೀಟರ್. ನಿಮ್ಮ ತಿದ್ದುಪಡಿ ಬಂದು ಮುಟ್ಟುವಷ್ಟರಲ್ಲಿ ಹಲಗೆ ಆಗಲೇ ಇನ್ನೊಂದು ಕಡೆಗೆ ತಿರುಗಿರುತ್ತದೆ. ತಡವಾಗಿ ಬಂದ ತಿದ್ದುಪಡಿ ತಪ್ಪನ್ನೇ ಹೆಚ್ಚಿಸುತ್ತದೆ, ಅದುರುವಿಕೆ ಬೆಳೆಯುತ್ತದೆ.

ಬುಡಾಪೆಸ್ಟ್ ಮತ್ತು ಬ್ರಿಸ್ಟಲ್‌ನ ಸಂಶೋಧಕರು 2016ರಲ್ಲಿ ಸವಾರರ ಈ ವಿಳಂಬವನ್ನೂ ಸೇರಿಸಿಕೊಂಡು ಲೆಕ್ಕ ಹಾಕಿದರು. ಪ್ರತಿ ವೇಗಕ್ಕೂ ಒಂದು ಮಿತಿಯ ವಿಳಂಬವಿದೆ. ಅದಕ್ಕಿಂತ ತಡವಾಗಿ ಪ್ರತಿಕ್ರಿಯಿಸುವವರು ಆ ವೇಗದಲ್ಲಿ ಹಲಗೆಯನ್ನು ಹಿಡಿತದಲ್ಲಿಡಲಾರರು. ಅವರು ಕಂಡುಕೊಂಡ ಇನ್ನೊಂದು ಸಂಗತಿ ಹೊಸಬರಿಗೆ ಚಿನ್ನದಂಥದ್ದು: ಹಲಗೆಯ ನಡುವಿಗಿಂತ ಮುಂದಕ್ಕೆ ನಿಂತವರಿಗೆ ಈ ಸಮತೋಲನ ಸುಲಭ. ಹೆದರಿದ ದೇಹ ಮಾಡುವುದು ಇದಕ್ಕೆ ತದ್ವಿರುದ್ಧ. ಅದು ಹಿಂದಕ್ಕೆ ಸರಿಯುತ್ತದೆ, ಭಾರವನ್ನೆಲ್ಲ ಹಿಂದಿನ ಕಾಲಿಗೆ ಹಾಕುತ್ತದೆ. ವೇಗದಲ್ಲಿ ಹಲಗೆ ಅದುರತೊಡಗಿದಾಗ ಭಾರವನ್ನು ಮುಂದಿನ ಕಾಲಿಗೆ ತರುವ ಅಭ್ಯಾಸ ಮೊದಲಿನಿಂದಲೇ ಬೆಳೆಯಬೇಕು.

ಮೊಣಕಾಲು ಬಗ್ಗಿಸಿ ಎಂದು ಎಲ್ಲರೂ ಹೇಳುತ್ತಾರೆ. ಗುರುತ್ವ ಕೇಂದ್ರ ಕೆಳಗಿಳಿದರೆ ಸಮತೋಲನ ಸುಲಭ ಎಂಬುದು ಅದಕ್ಕೆ ಕೊಡುವ ಕಾರಣ. ಅದು ಪೂರ್ತಿ ನಿಜವಲ್ಲ. ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸಿ ನೋಡಿ, ಆಮೇಲೆ ಉದ್ದನೆಯ ಕೋಲು ನಿಲ್ಲಿಸಿ. ಕೋಲೇ ಸುಲಭ, ಯಾಕೆಂದರೆ ಅದು ನಿಧಾನವಾಗಿ ಬೀಳುತ್ತದೆ, ತಿದ್ದಲು ಸಮಯ ಕೊಡುತ್ತದೆ. ಮೊಣಕಾಲು ಬಗ್ಗಿಸುವುದರ ನಿಜವಾದ ಲಾಭ ಬೇರೆ. ನೆಟ್ಟಗಿನ ಕಾಲು ರಸ್ತೆಯ ಪ್ರತಿ ಉಬ್ಬನ್ನೂ ಸೊಂಟಕ್ಕೆ, ತಲೆಗೆ ಸಾಗಿಸುತ್ತದೆ. ಬಗ್ಗಿದ ಕಾಲು ಅದನ್ನು ಮಧ್ಯದಲ್ಲೇ ಹೀರಿಕೊಳ್ಳುತ್ತದೆ. ಚಕ್ರ ಏರಿದರೂ ಇಳಿದರೂ ತಲೆ ಒಂದೇ ಮಟ್ಟದಲ್ಲಿರುತ್ತದೆ, ಕಣ್ಣು ಮತ್ತು ಒಳಗಿವಿಯ ಸುದ್ದಿ ಶುದ್ಧವಾಗಿ ಬರುತ್ತದೆ. ಹಾಗೆಯೇ ಬಿದ್ದರೂ ಬೀಳುವ ಎತ್ತರ ಕಡಿಮೆ.

ಮುಂದಿನ ಕಾಲಿನ ಪಾಠ

ಕಲಿಕೆ ಶುರುವಾಗುವುದು ಯಾವ ಕಾಲು ಮುಂದೆ ಎಂಬುದರಿಂದ. ಎಡಗಾಲು ಮುಂದಿಟ್ಟರೆ ರೆಗ್ಯುಲರ್, ಬಲಗಾಲು ಮುಂದಿಟ್ಟರೆ ಗೂಫಿ. ಎರಡರಲ್ಲಿ ಒಂದು ಮೇಲು, ಒಂದು ಕೀಳು ಎಂಬುದಿಲ್ಲ. ಎರಡನ್ನೂ ಹಲಗೆಯ ಮೇಲೆ ನಿಂತು ನೋಡಿ, ದೇಹ ಯಾವುದನ್ನು ಒಪ್ಪುತ್ತದೋ ಅದನ್ನು ಇಟ್ಟುಕೊಳ್ಳಿ.

ಮುಂದಿನ ಪಾದವನ್ನು ಮುಂದಿನ ಟ್ರಕ್ಕಿನ ಬೋಲ್ಟುಗಳ ಸ್ವಲ್ಪ ಹಿಂದೆ, ಸಾಗುವ ದಿಕ್ಕಿಗೆ ಮುಖಮಾಡಿ ಇಡಿ. ಅದರ ಮೇಲೆ ಪೂರ್ತಿ ಭಾರ ಹಾಕಿ, ಮೊಣಕಾಲು ಬಗ್ಗಿಸಿ, ಹಿಂದಿನ ಕಾಲನ್ನು ನೆಲಕ್ಕೆ ತಂದು ಉದ್ದನೆಯ ಒಂದು ತಳ್ಳು ಕೊಡಿ. ಇದನ್ನು ಮೊದಲು ಹಲಗೆಯಿಲ್ಲದೆ, ಒಂಟಿಕಾಲಿನಲ್ಲಿ ನಿಂತು ಅಭ್ಯಾಸ ಮಾಡಿದರೆ ಅರ್ಧ ಭಯ ಹೋಗುತ್ತದೆ. ತಳ್ಳಿದ ಮೇಲೆ ಹಿಂದಿನ ಕಾಲನ್ನು ಹಲಗೆಗೆ ತಂದು, ಮುಂದಿನ ಪಾದವನ್ನು ಓರೆಯಾಗಿ ತಿರುಗಿಸಿ. ನೋಟ ಪಾದದ ಮೇಲಲ್ಲ, ಹೋಗಬೇಕಾದ ಕಡೆ. ತಲೆ ತಿರುಗಿದತ್ತ ಹೆಗಲು, ಹೆಗಲು ತಿರುಗಿದತ್ತ ಸೊಂಟ, ಸೊಂಟದ ಹಿಂದೆ ಹಲಗೆ.

ಹಲಗೆಗಳಲ್ಲಿ ಡ್ರಾಪ್ ಥ್ರೂ ಎಂಬ ಬಗೆಯಿದೆ. ಅದರಲ್ಲಿ ಟ್ರಕ್ಕಿನ ಅಡಿಪಟ್ಟಿ ಹಲಗೆಯ ತೂತಿನ ಮೂಲಕ ಮೇಲೆ ಬಂದು ಕೂರುವುದರಿಂದ ಹಲಗೆ ನೆಲಕ್ಕೆ ಒಂದೆರಡು ಸೆಂಟಿಮೀಟರ್ ಹತ್ತಿರವಾಗುತ್ತದೆ. ಒಂದೊಂದು ತಳ್ಳಿಗೂ ನಿಂತ ಕಾಲು ಅಷ್ಟು ಕಡಿಮೆ ಬಗ್ಗಿದರೆ ಸಾಕು. ಸಾವಿರ ತಳ್ಳಿನ ಕೊನೆಗೆ ತೊಡೆಯ ಸ್ನಾಯು ಆ ವ್ಯತ್ಯಾಸವನ್ನು ಹೇಳುತ್ತದೆ. ಸುಮಾರು 1 ಮೀಟರ್ ಉದ್ದದ ಡ್ರಾಪ್ ಥ್ರೂ ಹಲಗೆ ಮೊದಲ ಖರೀದಿಗೆ ಒಳ್ಳೆಯದು.

ತಳ್ಳಲು ಬಂದ ದಿನವೇ ನಿಲ್ಲಿಸಲೂ ಕಲಿಯಬೇಕು. ನಿಲ್ಲಿಸುವ ಮೊದಲ ವಿಧಾನ ಕಾಲಿನ ಬ್ರೇಕ್. ಮುಂದಿನ ಪಾದ ಮತ್ತೆ ನೇರವಾಗುತ್ತದೆ, ಭಾರ ಪೂರ್ತಿ ಅದರ ಮೇಲೆ ಬರುತ್ತದೆ, ಆ ಮೊಣಕಾಲು ಆಳವಾಗಿ ಬಗ್ಗುತ್ತದೆ. ಹಿಂದಿನ ಪಾದ ಹಲಗೆಯ ಪಕ್ಕದಲ್ಲಿ ನೆಲಕ್ಕೆ ಸಮತಟ್ಟಾಗಿ ಇಳಿಯುತ್ತದೆ. ಮೊದಲು ನೆಲವನ್ನು ಸವರುತ್ತದೆ, ಆಮೇಲೆ ನಿಧಾನವಾಗಿ ಒತ್ತುತ್ತದೆ. ಬೆರಳು ಮೊದಲು ತಾಗಿಸಿದರೆ ಪಾದ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ, ಒಮ್ಮೆಲೇ ಭಾರ ಹಾಕಿದರೆ ಹಲಗೆ ಕಾಲಡಿಯಿಂದ ಮುಂದೆ ಓಡುತ್ತದೆ. ಶೂವಿನ ಅಟ್ಟೆ ಪೂರ್ತಿ ಚಪ್ಪಟೆಯಾಗಿ ಉಜ್ಜುವ ಸದ್ದು ಒಂದೇ ಸಮನೆ ಕೇಳಿದರೆ ಬ್ರೇಕ್ ಸರಿಯಾಗಿ ಬಂದಿದೆ ಎಂದರ್ಥ.

ತಳ್ಳುವಾಗ ಭಾರ ಮುಂದಿನ ಕಾಲಿನ ಮೇಲೆ. ನಿಲ್ಲಿಸುವಾಗ ಮುಂದಿನ ಕಾಲಿನ ಮೇಲೆ. ಅದುರಿದಾಗಲೂ ಮುಂದಿನ ಕಾಲಿನ ಮೇಲೆಯೇ. ಈ ಮೂರೂ ಬೇರೆ ಬೇರೆ ಕೌಶಲಗಳಂತೆ ಕಂಡರೂ ಅಡಿಪಾಯ ಒಂದೇ. ಮೊದಲ ವಾರಗಳನ್ನು ಪೂರ್ತಿಯಾಗಿ ಮುಂದಿನ ಕಾಲಿಗೆ ಕೊಟ್ಟವರು ಮುಂದೆಂದೂ ಆ ಸಮಯಕ್ಕೆ ಮರುಗುವುದಿಲ್ಲ.

ಇಳಿಜಾರನ್ನು ಕಣ್ಣು ನಂಬಬಾರದು

100 ಮೀಟರ್ ಉದ್ದಕ್ಕೆ 5 ಮೀಟರ್ ಇಳಿಯುವ ರಸ್ತೆಯ ಇಳಿಜಾರು 3 ಡಿಗ್ರಿಗೂ ಕಡಿಮೆ. ನಡೆದು ಹೋಗುವವರಿಗೆ ಅದು ಹೆಚ್ಚುಕಡಿಮೆ ಸಮತಟ್ಟಾಗಿ ಕಾಣುತ್ತದೆ. ಆದರೆ ಘರ್ಷಣೆ, ಗಾಳಿಯ ತಡೆಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ನಿಂತಲ್ಲಿಂದ ಹೊರಟ ಹಲಗೆ ಅದರ ಕೊನೆಗೆ ಗಂಟೆಗೆ 36 ಕಿಲೋಮೀಟರ್ ವೇಗ ಗಳಿಸುತ್ತದೆ. ನಿಜವಾದ ವೇಗ ಇದಕ್ಕಿಂತ ಕಡಿಮೆ ಇರುತ್ತದೆ, ಆದರೂ ಹೊಸಬರ ಕೈಮೀರಲು ಧಾರಾಳ ಸಾಕು.

ನಿಲ್ಲಿಸುವ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ ಎಂಬುದು ಇಲ್ಲಿನ ದೊಡ್ಡ ಅಪಾಯ. ಉಜ್ಜುವ ಕಾಲಿನ ಮೇಲೆ ದೇಹದ ಕಾಲುಭಾಗ ಭಾರ, ಘರ್ಷಣಾಂಕ 0.7 ಎಂದಿಟ್ಟುಕೊಂಡರೆ, ಸಮತಟ್ಟಿನಲ್ಲಿ 15 ಕಿಲೋಮೀಟರ್ ವೇಗದಿಂದ ನಿಲ್ಲಲು ಸುಮಾರು 5 ಮೀಟರ್ ಬೇಕು. 30 ಕಿಲೋಮೀಟರ್ ವೇಗದಿಂದ ನಿಲ್ಲಲು 20 ಮೀಟರ್. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಮೇಲೆ ಹೇಳಿದ ಇಳಿಜಾರಿನಲ್ಲಾದರೆ ಅದು 28 ಮೀಟರ್ ಆಗುತ್ತದೆ. ಅಪಾಯ ಕಂಡು, ನಿರ್ಧರಿಸಿ, ಪಾದ ಕೆಳಗಿಡಲು ಹಿಡಿಯುವ ಒಂದು ಸೆಕೆಂಡಿನಲ್ಲಿ ಇನ್ನೂ 8 ಮೀಟರ್ ಕಳೆದುಹೋಗುತ್ತದೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಪೀಟ್ ಕಾನಲಿ 2017ರಲ್ಲಿ ಹಲಗೆಯ ಮೇಲೆ ನಿಂತು ಗಂಟೆಗೆ 146.73 ಕಿಲೋಮೀಟರ್ ವೇಗ ಮುಟ್ಟಿ ದಾಖಲೆ ಬರೆದರು. ಅಂಥ ವಿಡಿಯೊಗಳನ್ನು ನೋಡಿ ಘಟ್ಟದ ರಸ್ತೆಗೆ ಹಲಗೆ ಒಯ್ಯುವ ಹುಮ್ಮಸ್ಸು ಬರುವುದು ಸಹಜ. ಆದರೆ ಅವರು ಓಡಿಸಿದ್ದು ಸಂಚಾರವಿಲ್ಲದ ರಸ್ತೆಯಲ್ಲಿ, ಚರ್ಮದ ಉಡುಪು ತೊಟ್ಟು, ವರ್ಷಗಳ ಅಭ್ಯಾಸದ ಬಲದಿಂದ. ಹೊಸಬರ ಜಾಗ ವಾಹನಗಳಿಲ್ಲದ ಸಮತಟ್ಟು ಮೈದಾನ, ಖಾಲಿ ಪಾರ್ಕಿಂಗ್, ಬೆಳಗಿನ ಬಡಾವಣೆ ರಸ್ತೆ. ನಂತರದ ಹಂತದಲ್ಲಿ, ಕೊನೆಗೆ ತಾನಾಗಿ ಏರಾಗುವ ಚಿಕ್ಕ ಇಳಿಜಾರು. ಓಡಿಸುವ ಮುನ್ನ ಆ ದಾರಿಯನ್ನು ಒಮ್ಮೆ ನಡೆದು ನೋಡಿ; ಹಂಪ್, ಮರಳು, ಮ್ಯಾನ್‌ಹೋಲ್ ಮುಚ್ಚಳ, ಒದ್ದೆ ಎಲೆ ಎಲ್ಲವೂ ನಡೆದಾಗಲೇ ಕಾಣುವುದು.

ಬೀಳುವ ವಿದ್ಯೆ

ಬೀಳುವಾಗ ಕೈ ಚಾಚುವುದು ಹುಟ್ಟುಗುಣ. ಚಾಚಿದ ಅಂಗೈ ನೆಲಕ್ಕೆ ಬಡಿದಾಗ ದೇಹದ ಭಾರವೆಲ್ಲ ಮಣಿಕಟ್ಟಿನ ಬಳಿಯ ರೇಡಿಯಸ್ ಮೂಳೆಯ ಮೇಲೆ ಬೀಳುತ್ತದೆ. ಸ್ಕೇಟ್‌ಬೋರ್ಡ್ ಗಾಯಗಳಲ್ಲಿ ಮಣಿಕಟ್ಟಿನ ಮುರಿತ ಸಾಮಾನ್ಯವಾಗಿರುವುದು ಇದಕ್ಕೇ. ಗಟ್ಟಿ ಪಟ್ಟಿಯಿರುವ ಮಣಿಕಟ್ಟಿನ ಕವಚ ಆ ಬಲವನ್ನು ಹಂಚುತ್ತದೆ, ಅಂಗೈ ನೆಲದ ಮೇಲೆ ಜಾರಲು ಬಿಡುತ್ತದೆ. ಮೊಣಕಾಲು ಕವಚ ಹಾಕಿಕೊಂಡು ಹುಲ್ಲಿನ ಮೇಲೆ ಮೊಣಕಾಲೂರಿ, ಹೆಗಲು ಉರುಳಿಸಿ ಬೀಳುವುದನ್ನು ಬೇಕೆಂದೇ ಅಭ್ಯಾಸ ಮಾಡಿ.

ನಿಧಾನವಾಗಿ ಹೋಗುವಾಗ ಹೆಲ್ಮೆಟ್ ಯಾಕೆ ಎಂದು ಕೇಳುವವರಿದ್ದಾರೆ. ನಿಂತ ಮನುಷ್ಯನ ತಲೆ ಸುಮಾರು 1.6 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಿಂದ ಬಿದ್ದ ವಸ್ತು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಹಲಗೆ ಕದಲದೆ ನಿಂತಿದ್ದರೂ ಲೆಕ್ಕ ಇದೇ. ಹೆಲ್ಮೆಟ್ಟಿನ ಒಳಗಿರುವ ಥರ್ಮೋಕೋಲ್ ಪದರ ಜಜ್ಜಿಹೋಗಿ ತಲೆ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. 2 ಮಿಲಿಮೀಟರಿನಲ್ಲಿ ನಿಲ್ಲಬೇಕಾದ ತಲೆ 2 ಸೆಂಟಿಮೀಟರಿನಲ್ಲಿ ನಿಂತರೆ ಅದರ ಮೇಲಿನ ಬಲ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಜಜ್ಜಿದ ಥರ್ಮೋಕೋಲ್ ಮತ್ತೆ ಉಬ್ಬುವುದಿಲ್ಲ; ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಲೇಬೇಕು. ಮಕ್ಕಳಿಗೆ ಹಲಗೆ ಕೊಡಿಸುವ ತಂದೆತಾಯಂದಿರಲ್ಲಿ ನನ್ನದೊಂದು ಕೋರಿಕೆ: ಹಣ ಒಂದಕ್ಕೇ ಸಾಕಾಗುವುದಾದರೆ ಮೊದಲು ಹೆಲ್ಮೆಟ್ ಕೊಳ್ಳಿ, ಹಲಗೆ ಮುಂದಿನ ತಿಂಗಳು ಬರಲಿ.

ಮಿದುಳಿಗೆ ಬಿಡುವು ಕೊಡಿ

ಸಮತೋಲನದ ಹೊಸ ಲೆಕ್ಕವನ್ನು ಕಲಿಯುವುದರಲ್ಲಿ ದೊಡ್ಡ ಪಾತ್ರ ತಲೆಯ ಹಿಂಭಾಗದಲ್ಲಿರುವ ಕಿರುಮೆದುಳಿನದು. ಪ್ರತಿ ತಳ್ಳಿನಲ್ಲೂ ಅದು ಹೀಗಾಗಬೇಕಿತ್ತು, ಹಾಗಾಯಿತು ಎಂಬ ವ್ಯತ್ಯಾಸವನ್ನು ಹಿಡಿದು ಮುಂದಿನ ಆಜ್ಞೆಯನ್ನು ತಿದ್ದುತ್ತದೆ. ಒಂದೇ ದಿನ ಮೂರು ಗಂಟೆ ಒದ್ದಾಡುವುದಕ್ಕಿಂತ ದಿನಕ್ಕೆ ಅರ್ಧ ಗಂಟೆಯಂತೆ ಹಲವು ದಿನ ಮಾಡಿದ ಅಭ್ಯಾಸ ಚೆನ್ನಾಗಿ ನಿಲ್ಲುತ್ತದೆ. ಕಲಿತ ಚಲನೆ ನಿದ್ದೆಯಲ್ಲಿ ಗಟ್ಟಿಯಾಗುತ್ತದೆ. ನಿನ್ನೆ ಬಾರದ ತಿರುವು ಇವತ್ತು ಬೆಳಿಗ್ಗೆ ಸಲೀಸಾಗಿ ಬಂದರೆ ಅಚ್ಚರಿಪಡಬೇಕಿಲ್ಲ. ದಣಿದ ಸ್ನಾಯು ತಡವಾಗಿ ಪ್ರತಿಕ್ರಿಯಿಸುತ್ತದೆ, ಅಂದರೆ ವಿಳಂಬ ಹೆಚ್ಚುತ್ತದೆ. ಕೊನೆಯದೊಂದು ಸುತ್ತು ಎಂದು ಹೊರಡುವ ಹೊತ್ತಿಗೆ ನಿಮ್ಮ ಸುರಕ್ಷಿತ ವೇಗ ಇಳಿದಿರುತ್ತದೆ.

ಅಭ್ಯಾಸದಿಂದ ನರಗಳ ಓಟ ಹೆಚ್ಚು ಚುರುಕಾಗುವುದಿಲ್ಲ. ಆದರೆ ಮಿದುಳು ಮುಂದೇನಾಗುತ್ತದೆಂದು ಮೊದಲೇ ಊಹಿಸಲು ಕಲಿಯುತ್ತದೆ, ತಿದ್ದುಪಡಿ ಚಿಕ್ಕದಾಗುತ್ತದೆ, ಸರಿಯಾದ ಹೊತ್ತಿಗೆ ಬರುತ್ತದೆ. ಹಲಗೆ ಹಿಡಿತದಲ್ಲಿರುವ ವೇಗದ ಹರವು ಹೀಗೆ ದಿನದಿನಕ್ಕೆ ಅಗಲವಾಗುತ್ತದೆ. ಅದು ಎಷ್ಟು ಅಗಲವಾಗಿದೆ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ರಸ್ತೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಅದನ್ನು ದಾಟದೆ ಕಾಲಿನ ಬ್ರೇಕ್ ಹಾಕಿ ನಿಲ್ಲಿಸಿ ನೋಡಿ. ಹತ್ತು ಸಲದಲ್ಲಿ ಹತ್ತು ಸಲವೂ ನಿಲ್ಲಿಸಲು ಬಂದರೆ ಇನ್ನೆರಡು ತಳ್ಳು ಹೆಚ್ಚಿಸಬಹುದು, ಇನ್ನೊಂದು ಚಿಕ್ಕ ಇಳಿಜಾರು ಹುಡುಕಬಹುದು. ಒಂದು ಸಲ ತಪ್ಪಿದರೂ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ ಇನ್ನಷ್ಟು ದಿನ ಇರಿ.